ನಡಿಗೆ ದಾರಿಗೆ ಮಕ್ಕಳೂ ಬರಬೇಕಾದರೆ ಏನು ಮಾಡಬೇಕು?

ನಿಮ್ಮ ಬಡಾವಣೆಯ ಹಿಂದೆ ಮುಕ್ಕಾಲು ಕಿಲೋಮೀಟರ್ ಉದ್ದದ ನಡಿಗೆ ದಾರಿ ಇದೆ, ದೊಡ್ಡವರು ಸುತ್ತು ಹಾಕುತ್ತಾರೆ, ಮಕ್ಕಳು ಮಾತ್ರ ಐದು ನಿಮಿಷಕ್ಕೇ ಮನೆಗೆ ಹೋಗೋಣ ಅಂತ ರಾಗ ತೆಗೆಯುತ್ತಾರೆ ಅಂದಿದ್ದೀರಿ. ದಾರಿಯ ಕೊನೆಯಲ್ಲಿ ಜಾರುಬಂಡೆ, ಉಯ್ಯಾಲೆ ಹಾಕಿಸಿದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ.

ಹೋಗುವುದಿಲ್ಲ. ಕೈ ಸುಟ್ಟುಕೊಂಡವನ ಮಾತು ಇದು. ಇಂಥದ್ದೇ ಒಂದು ದಾರಿಯ ಸಮಿತಿಯಲ್ಲಿ ನಾನಿದ್ದೆ. ಕೂಡಿಸಿದ ದುಡ್ಡಿನಲ್ಲಿ ಮುಕ್ಕಾಲು ಪಾಲನ್ನು ಒಂದೇ ಒಂದು ದೊಡ್ಡ ಹತ್ತುವ ಚೌಕಟ್ಟಿಗೆ ಸುರಿದು, ಅದನ್ನು ಕೊನೆಯಲ್ಲಿ ನಿಲ್ಲಿಸಿದೆವು. ಜನ ಗಾಡಿಯಲ್ಲಿ ಸೀದಾ ಅಲ್ಲಿಗೇ ಬಂದು ಮಕ್ಕಳನ್ನು ಇಳಿಸತೊಡಗಿದರು. ದಾರಿ ಮೊದಲಿನ ಹಾಗೇ ಖಾಲಿ.

ಆದರೆ ನಡುದಾರಿಯಲ್ಲಿ, ಬಿದ್ದ ಮರ ಕಡಿದವರು ಬಿಟ್ಟುಹೋದ ಒಂದು ದಿಮ್ಮಿ ಇತ್ತು. ಅದನ್ನು ಎತ್ತಿ ಹಾಕಿಸಬೇಕು ಅಂತ ನಾವೇ ಎರಡು ಸಭೆಯಲ್ಲಿ ಮಾತಾಡಿದ್ದೆವು. ಒಂದು ಸಂಜೆ ನಾಲ್ಕು ವರ್ಷದ ಹುಡುಗಿಯೊಬ್ಬಳು ಅಜ್ಜನ ತೋರುಬೆರಳು ಹಿಡಿದು ಅದರ ಮೇಲೆ ನಡೆಯುತ್ತಿದ್ದಳು. ಮೊದಲ ಸಲ ಬೆರಳನ್ನು ಬಿಗಿಯಾಗಿ ಹಿಡಿದಿದ್ದಳು. ಎರಡನೇ ಸಲ ಸುಮ್ನೆ ಮುಟ್ಟಿಕೊಂಡಿದ್ದಳು. ಮೂರನೇ ಸಲ ಬಿಟ್ಟೇಬಿಟ್ಟಳು. ಅಜ್ಜ ಮಾತ್ರ ದಿಮ್ಮಿ ಮುಗಿಯುವವರೆಗೂ ಬೆರಳನ್ನು ಗಾಳಿಯಲ್ಲಿ ಹಾಗೇ ಚಾಚಿಕೊಂಡು ಪಕ್ಕದಲ್ಲೇ ನಡೆದರು. ಅವತ್ತಿನಿಂದ ನಾನು ದಿಮ್ಮಿಯ ಪಕ್ಷ.

ಇದು ಹೊಸ ವಿಷಯವೇನಲ್ಲ. ಡೆನ್ಮಾರ್ಕಿನ ಸಿ. ಟಿ. ಸೋರೆನ್‌ಸೆನ್ ಅನ್ನುವ ಉದ್ಯಾನ ವಿನ್ಯಾಸಕಾರರು, ಮಕ್ಕಳು ಅಚ್ಚುಕಟ್ಟಾದ ಆಟದ ಮೈದಾನಕ್ಕಿಂತ ಹಳೇ ಹಲಗೆ, ಕಟ್ಟಡದ ಸಾಮಾನು ಬಿದ್ದಿರುವಲ್ಲೇ ಜಾಸ್ತಿ ಆಡುವುದನ್ನು ಗಮನಿಸಿದ್ದರು. ಅದರಿಂದಲೇ 1943ರಲ್ಲಿ ಕೋಪನ್‌ಹೇಗನ್ ಹತ್ತಿರದ ಎಮ್‌ಡ್ರಪ್‌ನಲ್ಲಿ ಗುಜರಿ ಸಾಮಾನಿನ ಆಟದ ಬಯಲು ಶುರುವಾಯಿತು.

ದಾರಿಯ ವಿಷಯದಲ್ಲಿ ನಾನು ಕಲಿತದ್ದು ಇಷ್ಟು: ಸಣ್ಣ ಮಕ್ಕಳು ದೂರ ನಡೆಯುವುದಿಲ್ಲ, ಒಂದು ವಸ್ತುವಿನಿಂದ ಇನ್ನೊಂದು ವಸ್ತುವಿಗೆ ಓಡುತ್ತಾರೆ. ಒಂದರ ಹತ್ತಿರ ನಿಂತಾಗ ಮುಂದಿನದು ಅವರ ಕಣ್ಣಿಗೆ ಬೀಳಬೇಕು. ಅವರ ಕಣ್ಣಿಗೆ, ನಿಮ್ಮ ಕಣ್ಣಿಗಲ್ಲ. ಮಂಡಿಯೂರಿ ಕೂತು ನೋಡಿ, ಪೊದೆ ಅಡ್ಡ ಬರುತ್ತದಾ ಅಂತ. ಪೂರ್ತಿ ಕಾಣದೆ ಅರ್ಧ ಕಂಡರೆ ಇನ್ನೂ ಒಳ್ಳೆಯದು. ನಾವು ಮೂವತ್ತು ನಲವತ್ತು ಹೆಜ್ಜೆಗೆ ಒಂದರಂತೆ ಇಟ್ಟು ನೋಡಿದೆವು, ನಡೆಯಿತು. ನೂರು ಹೆಜ್ಜೆ ಖಾಲಿ ಬಿಟ್ಟ ಕಡೆ ಮತ್ತೆ ಅದೇ ರಾಗ.

ಇಡುವುದೆಲ್ಲ ದೊಡ್ಡದಾಗಿರಬೇಕಿಲ್ಲ. ಬೇರೆ ಬೇರೆ ಅಂತರದಲ್ಲಿ ಹೂತ ಮೆಟ್ಟುಗಲ್ಲುಗಳು, ಹತ್ತಿ ಇಳಿಯಲು ಒಂದು ಮಣ್ಣಿನ ದಿಬ್ಬ, ಕುಂಟೆಬಿಲ್ಲೆಯ ಮನೆಗಳು. ಆ ಮನೆಗಳ ಬಣ್ಣಕ್ಕೆ ಸ್ವಲ್ಪ ಮರಳು ಬೆರೆಸಿ ಬಳಿಸಿ. ನುಣ್ಣಗಿನ ಬಣ್ಣ ನೆನೆದರೆ ಜಾರುತ್ತದೆ. ನಮ್ಮಲ್ಲಿ ಎಲ್ಲಕ್ಕಿಂತ ಗೆದ್ದದ್ದು ಮಾತಾಡುವ ಕೊಳವೆ. ಒಂದು ಪ್ಲಾಸ್ಟಿಕ್ ಪೈಪನ್ನು ನೆಲದಲ್ಲಿ ಹೂತು, ಎರಡು ತುದಿಗಳನ್ನು ಹದಿನೈದು ಹೆಜ್ಜೆ ದೂರದಲ್ಲಿ ಮೇಲೆತ್ತಿದ್ದೆವು. ದನಿ ಬಯಲಲ್ಲಿ ಹರಡಿಹೋಗದೆ ಪೈಪಿನೊಳಗೇ ಸಾಗುವುದರಿಂದ ಪಿಸುಮಾತೂ ಆ ಕಡೆ ಕೇಳಿಸುತ್ತದೆ. ಬಾಯಿಗೆ ಜಾಲರಿ ಹಾಕಿಸಿ, ಇಲ್ಲದಿದ್ದರೆ ಒಂದೇ ವಾರದಲ್ಲಿ ಅದರ ತುಂಬ ಕಲ್ಲು. ನೀರು ನಿಲ್ಲದಂತೆ ತಳದಲ್ಲಿ ಒಂದು ತೂತು ಇರಲಿ.

ಆನೆ, ಮೊಸಳೆ ಆಕಾರದ ಸಿಮೆಂಟ್ ಗೊಂಬೆಗಳು ನನಗೆ ಅಷ್ಟಕ್ಕಷ್ಟೆ. ಆನೆ ಯಾವತ್ತೂ ಆನೆಯೇ. ದಿಮ್ಮಿ ಇವತ್ತು ದೋಣಿ, ನಾಳೆ ಅಂಗಡಿ. ಆಲ್ಡೊ ವ್ಯಾನ್ ಐಕ್ ಎಂಬ ವಾಸ್ತುಶಿಲ್ಪಿ 1947ರಿಂದ ಆಮ್‌ಸ್ಟರ್‌ಡ್ಯಾಮ್ ನಗರದ ಖಾಲಿ ಮೂಲೆಗಳಲ್ಲಿ 700ಕ್ಕೂ ಹೆಚ್ಚು ಆಟದ ಜಾಗಗಳನ್ನು ರೂಪಿಸಿದರು. ಮರಳಿನ ಗುಂಡಿ, ಕಾಂಕ್ರೀಟ್ ಮೆಟ್ಟುಗಲ್ಲು, ಬಾಗಿದ ಕಬ್ಬಿಣದ ಕಂಬಿ, ಅಲ್ಲಿ ಬಹುಪಾಲು ಇದ್ದದ್ದು ಇಂಥವೇ. ಏನು ಆಟ ಅನ್ನುವುದನ್ನು ಮಗುವಿಗೇ ಬಿಟ್ಟಿದ್ದರು. ಹಾಗೇ 'ಇಲ್ಲಿ ಜಿಗಿಯಿರಿ' ಅಂತ ಬೋರ್ಡ್ ಕೂಡ ಬೇಡ. ಅದನ್ನು ಓದಿ ಜಿಗಿದ ಮಗುವನ್ನು ನಾನಂತೂ ನೋಡಿಲ್ಲ.

ದೊಡ್ಡವರಿಗೆ ಸಾಕಾದರೆ ಮಗುವಿನ ಆಟವೂ ಮುಗಿದ ಹಾಗೆ ಅಲ್ವಾ? ಅದಕ್ಕೇ ಆಟದ ಪಕ್ಕದಲ್ಲೇ ನೆರಳು, ಕೂರಲು ಒರಗು ಇರುವ ಬೆಂಚು. ದೊಡ್ಡವರು ಹತ್ತಿದರೂ ಅಲ್ಲಾಡದಷ್ಟು ಗಟ್ಟಿ ದಿಮ್ಮಿ. ಇಬ್ಬರಿಲ್ಲದೆ ಆಗದ ಆಟ ಒಂದೆರಡು. ಕೊಳವೆ ಗೆದ್ದದ್ದೂ ಅದಕ್ಕೇ. ಆ ಕಡೆ ಕಿವಿ ಇಡಲು ಅಪ್ಪ ಫೋನ್ ಜೇಬಿಗೆ ಹಾಕಲೇಬೇಕು.

ಜೋರಾಗಿ ನಡೆಯುವವರು ಗೊಣಗುತ್ತಾರೆ, ಇದು ಖಂಡಿತ. ಆಟದ ಸಾಲು ದಾರಿಯ ಅಂಚಿಗೆ ತಾಗಿಕೊಂಡು ಒಂದೇ ಬದಿಯಲ್ಲಿ ಹೋಗಲಿ, ಅಡ್ಡಡ್ಡ ದಾಟುವುದು ಬೇಡ. ಎರಡು ಗಾಲಿಕುರ್ಚಿ ಎದುರುಬದುರಾದರೂ ದಾಟುವಂತೆ ಮುಖ್ಯ ದಾರಿಯನ್ನು ಐದಡಿ ಅಗಲ ಬಿಡಿ. ಏರು 20 ಅಡಿಗೆ 1 ಅಡಿಗಿಂತ ಜಾಸ್ತಿ ಬೇಡ.

ಸುರಕ್ಷತೆಯಲ್ಲಿ ಎರಡು ವಿಷಯಕ್ಕೆ ನಾನು ಹಟ ಹಿಡಿಯುತ್ತೇನೆ. ಹತ್ತುವ ಯಾವುದರಲ್ಲೂ 9ರಿಂದ 23 ಸೆಂಟಿಮೀಟರ್ ಅಗಲದ ಸಂದು ಇರಬಾರದು. ಮಗುವಿನ ಮೈ ತೂರುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು, ಬೀಳುವ ಜಾಗದಲ್ಲಿ ಮರಳೋ ಮರದ ಚಕ್ಕೆಯೋ ದಪ್ಪಗೆ ಇರಬೇಕು. ಹುಲ್ಲು ಸಾಲದು, ತುಳಿದು ತುಳಿದು ಅದರಡಿಯ ಮಣ್ಣು ಕಲ್ಲಾಗಿರುತ್ತದೆ.

ದುಡ್ಡು ಬಿಚ್ಚುವ ಮೊದಲು ಎರಡು ವಾರ ಸೀಮೆಸುಣ್ಣದಲ್ಲಿ ಪ್ರಯೋಗ ಮಾಡಿ. ಗೆರೆ ಎಳೆಯಿರಿ, ವೃತ್ತ ಬರೆಯಿರಿ, ಎಲ್ಲಿ ನಿಲ್ಲುತ್ತಾರೆ ನೋಡಿ. 'ಏನು ಬೇಕು' ಅಂತ ಮಕ್ಕಳನ್ನು ಕೇಳಿದರೆ ಜಾರುಬಂಡೆ ಅಂತಲೇ ಹೇಳುತ್ತಾರೆ. ಅವರ ಜೊತೆ ನಡೆದರೆ ಬೇರೆಯದೇ ಗೊತ್ತಾಗುತ್ತದೆ: ಯಾವ ಕಟ್ಟೆ ಹತ್ತುತ್ತಾರೆ, ಯಾವ ಮೋರಿ ಕಲ್ಲಿಂದ ಹಾರುತ್ತಾರೆ.

ಜಾರುಬಂಡೆ ಬೇಕೇ ಬೇಕು ಅಂದರೆ ಹಾಕಿಸಿ, ಆದರೆ ಕೊನೆಯಲ್ಲಲ್ಲ, ದಾರಿಯ ನಡುವೆ. ಮಣ್ಣಿನ ದಿಬ್ಬದ ಇಳಿಜಾರಿಗೇ ಅಂಟಿಸಿ ಕೂರಿಸಿದರೆ ಏಣಿಯೂ ಬೇಡ, ಎತ್ತರದಿಂದ ಬೀಳುವ ಭಯವೂ ಇಲ್ಲ. ತಗಡಿನದಾದರೆ ಮರದ ನೆರಳಲ್ಲಿ ಇರಲಿ.