ಅರ್ಧಕ್ಕೆ ನಿಂತ ಕೌದಿ: ಹೋದ ಉಮೇದು ಮರಳುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ರಾಗ ಹಾಡಿವೆ. ಕೌದಿ ಶುರು ಮಾಡಿದ್ದಾಗಿದೆ, ಅರ್ಧಕ್ಕೆ ನಿಂತಿದೆ, ಮತ್ತೆ ಕೈಗೆತ್ತಿಕೊಳ್ಳಲು ಮನಸ್ಸು ಬರುತ್ತಿಲ್ಲ. ಎಲ್ಲರೂ ತಮ್ಮನ್ನು ತಾವೇ ಸೋಮಾರಿಗಳೆಂದು ಬೈದುಕೊಂಡಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಕೆಲಸ ನಿಂತ ಜಾಗದಲ್ಲಿ ಸಾಮಾನ್ಯವಾಗಿ ಒಂದು ಗಟ್ಟಿ ಕಾರಣ ಇರುತ್ತದೆ. ಅದನ್ನು ಮನಸ್ಸಿನಲ್ಲಿ ಹುಡುಕುವ ಮೊದಲು ಬಟ್ಟೆಯಲ್ಲಿ ಹುಡುಕಿ. ನಾಲ್ಕು ಪತ್ರಗಳನ್ನು ಆರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 56 ವರ್ಷ. ಇಬ್ಬರು ಮೊಮ್ಮಕ್ಕಳಿಗೂ ನಾನೇ ಕೈಯಾರೆ ಚಿಕ್ಕ ಕೌದಿ ಹೊಲಿದುಕೊಟ್ಟಿದ್ದೇನೆ. ಕಳೆದ ಬೇಸಿಗೆಯಲ್ಲಿ ಮಗಳ ಮನೆಯ ಡಬಲ್ ಕಾಟ್‌ಗೆಂದು ಎಂಟು ಅಡಿ ಉದ್ದ, ಏಳು ಅಡಿ ಅಗಲದ ಕೌದಿ ಹಿಡಿದೆ. ಬೆಚ್ಚಗಿರಲಿ ಎಂದು ಒಳಗೆ ಹಳೆಯ ಬ್ಲ್ಯಾಂಕೆಟ್ ಹಾಕಿದ್ದೇನೆ. ಕೆಳಗೆ ಒಂದೆರಡು ಸಲವಷ್ಟೇ ಉಟ್ಟ ಪಾಲಿಯೆಸ್ಟರ್ ಸೀರೆಗಳು. ಕಾಲು ಭಾಗ ಮುಗಿಯುವಷ್ಟರಲ್ಲಿ ಮಳೆಗಾಲ ಬಂತು, ಮಡಚಿ ಟ್ರಂಕಿನ ಮೇಲಿಟ್ಟೆ. ಈಗ ನೋಡಿದರೆ ಬೇಸರ, ನೋಡದಿದ್ದರೆ ತಪ್ಪು ಮಾಡಿದ ಭಾವನೆ. ಮೊದಲಿನ ಉಮೇದು ಎಲ್ಲಿ ಹೋಯಿತು? ವಯಸ್ಸಾಯಿತು ಎಂದುಕೊಳ್ಳಬೇಕೇ?
— ಹುಬ್ಬಳ್ಳಿಯ ಓದುಗರು

ಉತ್ತರ: ವಯಸ್ಸನ್ನು ಸುಮ್ಮನೆ ದೂರಬೇಡಿ ತಾಯಿ. ಕಾರಣಗಳನ್ನೆಲ್ಲ ನೀವೇ ಪತ್ರದಲ್ಲಿ ಬರೆದಿದ್ದೀರಿ.

ಮೊದಲು ಅಳತೆ ನೋಡೋಣ. ಮೊಮ್ಮಕ್ಕಳ ಕೌದಿ ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲವಿತ್ತು ಎಂದಿಟ್ಟುಕೊಳ್ಳಿ. ಇಂಚಿಗೊಂದು ಸಾಲಿನಂತೆ ಹೊಲಿದರೆ 30 ಸಾಲು, ಒಟ್ಟು 90 ಅಡಿ ಹೊಲಿಗೆ. ಈಗಿನದಕ್ಕೆ ಅದೇ ಲೆಕ್ಕದಲ್ಲಿ 84 ಸಾಲು, ಒಂದೊಂದೂ ಎಂಟು ಅಡಿ, ಅಂದರೆ 672 ಅಡಿ. ಏಳು ಪಟ್ಟಿಗೂ ಹೆಚ್ಚು ಕೆಲಸ. ಸಾಲಿನ ನಡುವೆ ಅರ್ಧ ಇಂಚು ಬಿಟ್ಟಿದ್ದರೆ ಅದೂ ಇಮ್ಮಡಿಯಾಗುತ್ತದೆ. ಮೊಮ್ಮಕ್ಕಳ ಕೌದಿ ಮುಗಿಸಿದ ಉಮೇದಿನಲ್ಲೇ ಇದನ್ನೂ ಎಳೆದುಬಿಡುತ್ತೇನೆ ಎಂದುಕೊಂಡರೆ ಯಾರಿಗಾದರೂ ಉಸಿರು ಕಟ್ಟುತ್ತದೆ.

ಆಮೇಲೆ ಆ ಬ್ಲ್ಯಾಂಕೆಟ್. ಹಳೆಯ ಹತ್ತಿ ಸೀರೆಯ ಮೂರು ಪದರವಾದರೆ ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತಾ ನಾಲ್ಕೈದು ಹೊಲಿಗೆಗಳನ್ನು ಒಟ್ಟಿಗೆ ಏರಿಸಿಕೊಂಡು ಒಂದೇ ಸಲ ದಾರ ಎಳೆಯಬಹುದು. ಬ್ಲ್ಯಾಂಕೆಟ್ ಸೇರಿದ ಕೂಡಲೇ ಆ ಸುಖ ಹೋಯಿತು. ಪ್ರತಿಯೊಂದು ಹೊಲಿಗೆಗೂ ಸೂಜಿಯನ್ನು ಕೆಳಗೆ ಚುಚ್ಚಿ, ಅಡಿಯಿಂದ ಕೈ ಹಾಕಿ ಎಳೆದು, ಮತ್ತೆ ಮೇಲಕ್ಕೆ ಚುಚ್ಚಬೇಕು. ಹೆಬ್ಬೆರಳು ನೋಯುತ್ತದೆ, ಸಾಲು ಸೊಟ್ಟಗಾಗುತ್ತದೆ. ಕೆಳಗಿನ ಪಾಲಿಯೆಸ್ಟರ್ ಸೀರೆಯಂತೂ ಜಾರುವ ಬಟ್ಟೆ. ಮೇಲೆ ನೀಟಾಗಿ ಕಂಡದ್ದು ಹಿಂದೆ ತಿರುಗಿಸಿದರೆ ಸುಕ್ಕುಗಟ್ಟಿರುತ್ತದೆ. ನಿಮ್ಮದನ್ನು ಒಮ್ಮೆ ತಿರುಗಿಸಿ ನೋಡಿ, ಸುಕ್ಕು ಇದ್ದೇ ಇರುತ್ತದೆ. ಅಷ್ಟು ಕಷ್ಟಪಟ್ಟು ಮುಗಿಸಿದರೂ ಬೇಸಿಗೆಯಲ್ಲಿ ಬೆವರು ಹೀರದ ಕೌದಿಯನ್ನು ನಿಮ್ಮ ಮಗಳು ಅಟ್ಟಕ್ಕೆ ಹಾಕುತ್ತಾಳೆ. ಉಡದೆ ಉಳಿದ ಸಿಂಥೆಟಿಕ್ ಸೀರೆಗಳನ್ನು ಖಾಲಿ ಮಾಡಲು ಕೌದಿ ಹೊಲಿಯುವ ಈ ರೂಢಿ ಯಾವಾಗ ಶುರುವಾಯಿತೋ, ನನಗಂತೂ ಅದನ್ನು ಕಂಡರೆ ಆಗುವುದಿಲ್ಲ.

ಆದ್ದರಿಂದ ಹೊಲಿದ ಕಾಲು ಭಾಗವನ್ನು ಬಿಚ್ಚಿ. ನಿಟ್ಟುಸಿರು ಕೇಳಿಸಿತು, ಆದರೂ ಬಿಚ್ಚಿ. ಬ್ಲ್ಯಾಂಕೆಟ್ ತೆಗೆದು ಆ ಜಾಗಕ್ಕೆ ಸವೆದು ಮೆತ್ತಗಾದ ಹತ್ತಿ ಸೀರೆ ಅಥವಾ ಪಂಚೆ ಹಾಕಿ, ಕೆಳಪದರಕ್ಕೆ ಹಳೆಯ ಹತ್ತಿ ಬೆಡ್‌ಶೀಟ್ ಆದೀತು. ಎಂಟು ಅಡಿ ಉದ್ದ, ಮೂರೂವರೆ ಅಡಿ ಅಗಲದ ಎರಡು ಕೌದಿ ಮಾಡಿ. ಗಂಡ ಹೆಂಡತಿ ಒಂದೇ ಹೊದಿಕೆಯನ್ನು ರಾತ್ರಿಯಿಡೀ ಜಗ್ಗಾಡುವುದೂ ತಪ್ಪುತ್ತದೆ. ಪದರಗಳನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೂ ಭಾರ ಇಟ್ಟು, ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದ ಮೇಲೆಯೇ ಸಾಲು ಶುರು ಮಾಡಿ. ಈ ಒಂದು ಕೆಲಸಕ್ಕೆ ಇನ್ನೊಂದು ಜೊತೆ ಕೈ ಬೇಕು. ಊರುಗಳಲ್ಲಿ ಬೇಸಿಗೆಯ ಮಧ್ಯಾಹ್ನ ಪಡಸಾಲೆಯಲ್ಲಿ ಕೌದಿ ಹಾಸಿದರೆ ಕರೆಯದಿದ್ದರೂ ಓಣಿಯ ಹೆಂಗಸರು ಬಂದು ಒಂದೊಂದು ಅಂಚಿಗೆ ಕೂರುತ್ತಿದ್ದರು. ಫ್ಲ್ಯಾಟಿನಲ್ಲಿ ಒಬ್ಬರೇ ಕೂತು ಅಷ್ಟೇ ಉಮೇದು ಬರಲಿ ಎಂದರೆ ಬರುವುದು ಕಷ್ಟ. ಪಕ್ಕದ ಮನೆಯವರನ್ನು ಚಹಾಕ್ಕೆ ಕರೆಯಿರಿ, ಕೈಗೊಂದು ಸೂಜಿ ಕೊಡಿ.

ಆದರೆ ಇದನ್ನೆಲ್ಲ ನಾಳೆಯೇ ಮಾಡಬೇಡಿ. ಅದಕ್ಕೆ ಮೊದಲು ಎರಡು ಅಡಿ ಚೌಕದ ಒಂದು ಪುಟ್ಟ ಕೌದಿ ಹೊಲಿಯಿರಿ, ಅದೂ ಉತ್ತರ ಕನ್ನಡದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ರೀತಿಯಲ್ಲಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಮನೆಗಳಲ್ಲಿ ತುಂಡು ಬಟ್ಟೆಗಳ ಮೇಲ್ಪದರವನ್ನು ಬೇರೆಯಾಗಿ ಜೋಡಿಸಿ ಆಮೇಲೆ ಮೂರು ಪದರ ಸೇರಿಸುವ ಪದ್ಧತಿ ಇಲ್ಲ. ಕೆಳಗೆ ಸೀರೆ ಹಾಸಿ, ಒಂದು ಮೂಲೆಯಿಂದ ಹಿಡಿದು, ತುಂಡಿನ ಅಂಚನ್ನು ಒಳಕ್ಕೆ ಮಡಚಿ, ಅಡಿಯ ಬಟ್ಟೆಗೆ ಸೇರಿಸಿಯೇ ಹೊಲಿಯುತ್ತಾ ಹೋಗುತ್ತಾರೆ. ಅದರ ಪಕ್ಕಕ್ಕೆ ಇನ್ನೊಂದು ತುಂಡು. ಅಂಚಿನ ಸುತ್ತು ಮುಗಿದ ಮೇಲೆ ಅದರ ಒಳಗಿನ ಸುತ್ತು, ಹೀಗೆ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಲ್ಲಿ ಮಡಚಿದ ತ್ರಿಕೋನದ ಬಟ್ಟೆ ಸೇರಿಸುತ್ತಾರೆ, ಅದು ಹೂವು. ಅದಿಲ್ಲದೆ ಕೌದಿ ಮುಗಿಯಿತು ಎನ್ನುವುದಿಲ್ಲ. ಇಲ್ಲಿ ತುಂಡು ಕೂಡಿಸುವುದೂ ಪದರ ಹೊಲಿಯುವುದೂ ಒಂದೇ ಕೆಲಸ. ನಮ್ಮ ನಿಮ್ಮ ಕೌದಿಗಳು ಹೆಚ್ಚಾಗಿ ನಿಲ್ಲುವುದು ಮೇಲ್ಪದರ ಮುಗಿದು ಪದರ ಸೇರಿಸುವ ಹೊತ್ತಿಗೆ. ಸಿದ್ದಿ ರೀತಿಯಲ್ಲಿ ಆ ಹಂತವೇ ಇಲ್ಲ. ಬಣ್ಣವನ್ನು ಮೊದಲೇ ಯೋಜಿಸಬೇಕಿಲ್ಲ, ಮುಂದಿನ ತುಂಡು ಯಾವುದೆಂದು ಕೈಯಲ್ಲಿದ್ದದ್ದು ಮುಗಿದಾಗ ನೋಡಿದರಾಯಿತು. ಇಳಕಲ್ ಸೀರೆಯ ಹರಿದ ದಡಿ, ಗುಳೇದಗುಡ್ಡದ ಖಣದ ಚೂರು ನಿಮ್ಮ ಮನೆಯಲ್ಲಿ ಇರಲೇಬೇಕು, ಅವನ್ನು ಅಂಚಿಗೆ ಇಡಿ.

ಇನ್ನು ಕಣ್ಣು. ನಲವತ್ತು ದಾಟಿದ ಮೇಲೆ ಹತ್ತಿರದ ನೋಟ ಮಂಜಾಗುವುದು ಸಹಜ, ಸೂಜಿಗೆ ದಾರ ಪೋಣಿಸುವುದೇ ದೊಡ್ಡ ಯುದ್ಧವಾಗುತ್ತದೆ. ಬೆಳಗಿನ ಬಿಸಿಲಿನಲ್ಲಿ ಎಂಟು ಹತ್ತು ಸೂಜಿಗೆ ಒಟ್ಟಿಗೆ ಪೋಣಿಸಿಟ್ಟುಕೊಳ್ಳಿ. ಕಪ್ಪು ಬಟ್ಟೆಗೆ ಕಪ್ಪು ದಾರ ಬೇಡ, ಬಿಳಿ ಅಥವಾ ಹಳದಿ ಹಾಕಿ. ಹೊಲಿಗೆ ಕಂಡರೆ ಕೌದಿಗೆ ಶೋಭೆಯೇ. ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಲೋಹದ ಟೋಪಿ ಕೊಳ್ಳಿ. ರಾತ್ರಿ ಹೊತ್ತು ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದರೆ ಮಾತ್ರ ಹೊಲಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು.

ಕೊನೆಗೊಂದು ಚಿಕ್ಕ ಉಪಾಯ. ದಿನದ ಕೆಲಸವನ್ನು ಸಾಲು ಮುಗಿಸಿ ನಿಲ್ಲಿಸಬೇಡಿ, ಸಾಲಿನ ಮಧ್ಯದಲ್ಲಿ ನಿಲ್ಲಿಸಿ. ಮರುದಿನ ಹೊಸದಾಗಿ ಶುರು ಮಾಡುವ ಕಷ್ಟ ಇರುವುದಿಲ್ಲ, ಇರುವುದನ್ನು ಮುಂದುವರಿಸಿದರಾಯಿತು.

ಪ್ರಶ್ನೆ: ಅಮ್ಮ ತೀರಿಕೊಂಡು ಒಂದು ವರ್ಷವಾಯಿತು. ಅವರ ಪೆಟ್ಟಿಗೆಯಲ್ಲಿ ಅರ್ಧ ಹೊಲಿದ ಕೌದಿ ಸಿಕ್ಕಿತು, ಸೂಜಿ ಚುಚ್ಚಿದ್ದು ಹಾಗೆಯೇ ಇದೆ. ನಾನೇ ಮುಗಿಸಬೇಕೆಂದು ವಿಡಿಯೊ ನೋಡಿ ಹೊಲಿಗೆ ಕಲಿತೆ. ಆದರೆ ಕೂತರೆ ನಾಲ್ಕು ಬೆರಳಿನಷ್ಟು ಹೊಲಿಯುವುದರಲ್ಲಿ ಕೈ ನಿಂತುಬಿಡುತ್ತದೆ. ನನ್ನ ಹೊಲಿಗೆ ಅಮ್ಮನದರ ಪಕ್ಕದಲ್ಲಿ ಅಸಹ್ಯವಾಗಿ ಕಾಣುತ್ತದೆ. ಸೀರೆಗಳನ್ನು ಕತ್ತರಿಸಲೂ ಮನಸ್ಸಾಗುತ್ತಿಲ್ಲ.
— ಬೆಂಗಳೂರಿನ ಓದುಗರು, 34 ವರ್ಷ

ಉತ್ತರ: ಮೊದಲು ಆ ಸೂಜಿಯನ್ನು ತೆಗೆಯಿರಿ. ತುಕ್ಕು ಹಿಡಿದರೆ ಕಲೆ ಸುಲಭವಾಗಿ ಹೋಗುವುದಿಲ್ಲ, ಆ ಜಾಗದಲ್ಲಿ ಬಟ್ಟೆಯೂ ಕ್ರಮೇಣ ತೂತಾಗುತ್ತದೆ. ಸೂಜಿಯನ್ನು ಇಟ್ಟುಕೊಳ್ಳಬೇಕೆನಿಸಿದರೆ ಬೇರೆ ಡಬ್ಬಿಯಲ್ಲಿ ಇಡಿ. ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಆಗಾಗ ಗಾಳಿಗೆ ಹರವಿ.

ನಿಮ್ಮ ಹೊಲಿಗೆ ತಾಯಿಯವರ ಹೊಲಿಗೆಯಂತೆ ಬರಲು ವರ್ಷಗಳು ಬೇಕು, ಅಲ್ಲಿಯವರೆಗೆ ಈ ಕೌದಿ ಕಾಯಬೇಕಿಲ್ಲ. ಅವರು ಹೊಲಿದದ್ದನ್ನು ಬಿಚ್ಚಬೇಡಿ, ಅವರ ದಾರದ ಬಣ್ಣವನ್ನೇ ಹುಡುಕಿ ಮುಚ್ಚಿಹಾಕುವ ಪ್ರಯತ್ನವೂ ಬೇಡ. ಬೇರೆ ಬಣ್ಣದ ದಾರ ಹಾಕಿ. ಎಲ್ಲಿಯವರೆಗೆ ಅವರು, ಎಲ್ಲಿಂದ ನೀವು ಎಂಬುದು ಮುಂದೆ ನೋಡುವವರಿಗೂ ತಿಳಿಯಲಿ. ಕೈ ಪಳಗಲು ಮಾತ್ರ ಬೇರೆ ಬಟ್ಟೆ ಬಳಸಿ. ಐದೂವರೆ ಮೀಟರಿನ ಯಾವುದಾದರೂ ಹತ್ತಿ ಸೀರೆಯನ್ನು ಉದ್ದಕ್ಕೆ ಮೂರಾಗಿ ಮಡಚಿ. ಸುಮಾರು ಆರು ಅಡಿ ಉದ್ದದ, ಒಬ್ಬರು ಹೊದ್ದುಕೊಳ್ಳುವ ಮೂರು ಪದರದ ಕೌದಿ ಕತ್ತರಿ ಮುಟ್ಟದೆಯೇ ಸಿದ್ಧವಾಗುತ್ತದೆ, ಸಾಲು ಹಾಕುವುದಷ್ಟೇ ಕೆಲಸ. ಅಮ್ಮನ ಸೀರೆಗಳಿಗೂ ಇದೇ ದಾರಿ. ಸೀರೆಯನ್ನು ಇಡಿಯಾಗಿ ಮಡಚಿ ಪದರವಾಗಿಸಬಹುದು, ಯಾವುದನ್ನೂ ಕತ್ತರಿಸುವ ಅಗತ್ಯವಿಲ್ಲ.

ಸೋದರತ್ತೆ, ಚಿಕ್ಕಮ್ಮ, ಅಕ್ಕ ಯಾರಾದರೂ ಇದ್ದರೆ ಒಂದು ಭಾನುವಾರ ಎಲ್ಲರೂ ಸೇರಿ ಹೊಲಿಯಿರಿ. ಆ ಸೀರೆ ಯಾವ ಮದುವೆಯದು, ಈ ಕುಪ್ಪಸದ ತುಂಡು ಯಾರದು ಎಂಬುದು ಅವರಿಗೆ ಗೊತ್ತಿರುತ್ತದೆ. ಕೈ ನಿಲ್ಲುವುದು ಕೌದಿಯ ಮುಂದೆ ಮಾತ್ರವಾದರೆ ಚಿಂತೆಯಿಲ್ಲ. ಊಟ, ನಿದ್ದೆ, ಕಚೇರಿ, ಗೆಳೆಯರು ಯಾವುದರಲ್ಲೂ ಆಸಕ್ತಿಯಿಲ್ಲದೆ ಎರಡು ವಾರ ಕಳೆದಿದ್ದರೆ ಅದು ನನ್ನ ಅಂಕಣದ ವಿಷಯವಲ್ಲ, ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.

ಪ್ರಶ್ನೆ: ಹವ್ಯಾಸಕ್ಕೆ ಹೊಲಿಯುತ್ತಿದ್ದೆ. ಫೋಟೊ ನೋಡಿದವರು ಆರ್ಡರ್ ಕೊಟ್ಟರು, ಆಮೇಲೆ ಸಾಲುಗಟ್ಟಿ ಬಂದವು. ಎಲ್ಲರಿಗೂ ಬೇಕಾದದ್ದು ಅದೇ ನೀಲಿ-ಬಿಳಿ ಬಣ್ಣ, ಅದೇ ಅಳತೆ. ಬೆಲೆ ಹೇಳಿದರೆ "ಹಳೆಯ ಬಟ್ಟೆಗೆ ಇಷ್ಟೇಕೆ" ಎನ್ನುತ್ತಾರೆ. ಈಗ ಸೂಜಿ ಕಂಡರೆ ತಲೆನೋವು.
— ಬಾಗಲಕೋಟೆಯ ಓದುಗರು

ಉತ್ತರ: ನಿಮಗೆ ಬೇಸರ ಬಂದಿರುವುದು ಗಿರಾಕಿಗಳ ಮೇಲೆ. ಸೂಜಿಯ ಮೇಲೆ ಅದನ್ನು ತೀರಿಸಿಕೊಳ್ಳುತ್ತಿದ್ದೀರಿ.

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಜೀಸ್ ಬೆಂಡ್ ಎಂಬ ಊರಿದೆ. ಅಲ್ಲಿನ ಆಫ್ರಿಕನ್ ಅಮೆರಿಕನ್ ಹೆಂಗಸರು ಹರಿದ ಕೆಲಸದ ಬಟ್ಟೆಗಳಿಂದ ತಲೆಮಾರುಗಳಿಂದ ಕೌದಿ ಹೊಲಿಯುತ್ತಿದ್ದವರು. ಆ ಭಾಗದಲ್ಲಿ 1966ರಲ್ಲಿ ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘ ಹುಟ್ಟಿತು. 1972ರಲ್ಲಿ ಸಿಯರ್ಸ್ ಎಂಬ ದೊಡ್ಡ ಮಳಿಗೆ ಕಾರ್ಡುರಾಯ್ ಬಟ್ಟೆಯ ದಿಂಬಿನ ಕವಚಗಳಿಗೆ ಗುತ್ತಿಗೆ ಕೊಟ್ಟಿತು. ಒಂದೇ ಅಳತೆ, ಒಂದೇ ರೀತಿ, ನಿಮ್ಮ ನೀಲಿ-ಬಿಳಿಯಂತೆಯೇ. ಆದರೆ ಉಳಿದ ಚೂರುಗಳು ಹೆಂಗಸರ ಮನೆ ಸೇರಿದವು. ದಪ್ಪ ಕಾರ್ಡುರಾಯ್‌ನಲ್ಲಿ ಸೂಕ್ಷ್ಮ ಕೆಲಸ ಆಗದ್ದರಿಂದ ದೊಡ್ಡ ದೊಡ್ಡ ಪಟ್ಟಿ, ಚೌಕಗಳಲ್ಲೇ ತಮಗೆ ತೋಚಿದಂತೆ ಹೊಲಿದರು. ಜೀಸ್ ಬೆಂಡಿನ ಕೌದಿಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಪ್ರದರ್ಶನಗೊಂಡವು, 2006ರಲ್ಲಿ ಅಂಚೆಚೀಟಿಯ ಮೇಲೂ ಬಂದವು. ದಿಂಬಿನ ಕವಚಗಳಿಗೆ ಆ ಭಾಗ್ಯ ಬರಲಿಲ್ಲ.

ನೀವೂ ಆರ್ಡರಿನ ಚೂರುಗಳನ್ನು ಒಂದು ಬುಟ್ಟಿಗೆ ಹಾಕಿಡಿ. ಅದರಿಂದ ಹೊಲಿದದ್ದು ಮಾರಾಟಕ್ಕಿಲ್ಲ, ಫೋಟೊ ಕೂಡ ಹಾಕಬೇಡಿ. ಹೊಸ ಆರ್ಡರುಗಳನ್ನು ಈಗಿನ ಪಟ್ಟಿ ಮುಗಿಯುವವರೆಗೆ ನಿಲ್ಲಿಸಿ. ಬೆಲೆಯನ್ನು ಬಟ್ಟೆಯ ಲೆಕ್ಕದಲ್ಲಿ ಹೇಳುವುದನ್ನು ಬಿಡಿ. ಇಷ್ಟು ಸಾಲು, ಇಷ್ಟು ದಿನ, ದಿನಕ್ಕೆ ಇಷ್ಟು ಕೂಲಿ ಎಂದು ಚೀಟಿ ಬರೆದುಕೊಡಿ. ಊರೂರು ತಿರುಗಿ ಮನೆಮನೆಯ ಕೌದಿ ಹೊಲಿದುಕೊಡುವ ಹೆಂಗಸರು ಬಟ್ಟೆಗೆ ಬೆಲೆ ಹೇಳುವುದಿಲ್ಲ, ಬಟ್ಟೆ ಮನೆಯವರದೇ. ಅವರು ಕೇಳುವುದು ಕೈಕೆಲಸಕ್ಕೆ. ಮುಂಗಡ ಅರ್ಧ ಹಣ ಪಡೆಯಿರಿ. ಚೌಕಾಸಿ ಮಾಡುವವರು ತಾವಾಗಿಯೇ ಕಡಿಮೆಯಾಗುತ್ತಾರೆ, ತಲೆನೋವೂ ಅಷ್ಟರಮಟ್ಟಿಗೆ ಇಳಿಯುತ್ತದೆ.

ಪ್ರಶ್ನೆ: ನಾನಿರುವುದು ಅಮೆರಿಕದಲ್ಲಿ. ಹೊಲಿಗೆ ಯಂತ್ರವಿದೆ, ಮೂರು ಪೆಟ್ಟಿಗೆ ತುಂಬ ಚೆಂದದ ಹೊಸ ಬಟ್ಟೆಯಿದೆ. ಜೋಡಿಸಿಟ್ಟ ಮೇಲ್ಪದರಗಳೇ ನಾಲ್ಕಿವೆ. ಮುಂದೆ ಸಾಗುತ್ತಿಲ್ಲ. ಹೊಸ ಬಟ್ಟೆ ತಂದರೆ ಒಂದು ದಿನ ಹುರುಪು, ಮರುದಿನ ಮತ್ತೆ ಅದೇ.
— ನ್ಯೂಜೆರ್ಸಿಯ ಓದುಗರು

ಉತ್ತರ: ಬಟ್ಟೆ ಕೊಳ್ಳುವುದು ಒಂದು ಹವ್ಯಾಸ, ಹೊಲಿಯುವುದು ಇನ್ನೊಂದು. ನಿಮಗೆ ಮೊದಲನೆಯದು ಚೆನ್ನಾಗಿ ಹತ್ತಿದೆ. ಹೊಸ ಬಟ್ಟೆ ಸದ್ಯ ಬೇಡ. ನಾಲ್ಕು ಮೇಲ್ಪದರಗಳಲ್ಲಿ ಈಗಲೂ ಕಣ್ಣಿಗೆ ಹಿತವೆನಿಸುವ ಒಂದನ್ನು ಇಟ್ಟುಕೊಂಡು ಉಳಿದ ಮೂರನ್ನು ಹೊಲಿಯುವ ಗೆಳತಿಯರಿಗೆ ಕೊಟ್ಟುಬಿಡಿ. ನಿಮ್ಮ ಕಡೆ ಮೇಲ್ಪದರ ಕೊಟ್ಟರೆ ಲಾಂಗ್ ಆರ್ಮ್ ಯಂತ್ರದಲ್ಲಿ ಮೂರೂ ಪದರ ಸೇರಿಸಿ ಹೊಲಿದುಕೊಡುವವರು ಇದ್ದಾರೆ. ಹಣ ಕೊಟ್ಟು ಮಾಡಿಸಿ, ಅದರಲ್ಲಿ ಸಣ್ಣತನವೇನೂ ಇಲ್ಲ. ನಿಮಗೆ ಅಂಚು ಕಟ್ಟುವ ಕೆಲಸವಷ್ಟೇ ಉಳಿಯುತ್ತದೆ. ಅದಕ್ಕೂ ಬೇಸರವೆಂದರೆ ಮತ್ತೊಮ್ಮೆ ಬರೆಯಿರಿ.