ಅಮ್ಮ ಕೆಲಸ ಮಾಡಿದ್ದ ಗಾರ್ಮೆಂಟ್ಸ್ ಮುಚ್ಚಿಹೋಗಿದೆ. ಅವರ ಪಿಎಫ್ ಪಿಂಚಣಿ ಹುಡುಕುವುದು ಹೇಗೆ?

ಗಾರ್ಮೆಂಟ್ಸ್ ಮುಚ್ಚಿದರೂ ಆಸೆ ಬಿಡಬೇಡಿ. ಮಾಲೀಕರು ಕಟ್ಟಿದ ಹಣ ಇರುವುದು ಇಪಿಎಫ್‌ಒ (ನೌಕರರ ಭವಿಷ್ಯ ನಿಧಿ ಸಂಸ್ಥೆ) ಹತ್ತಿರ.

ಮೊದಲು ಪಿಎಫ್ ನಂಬರ್ ಬೇಕು. ಹಳೇ ಸಂಬಳದ ಚೀಟಿ ಹುಡುಕಿ. ಸಿಗಲಿಲ್ಲವಾದರೆ ಅಮ್ಮನ ಜೊತೆ ಕೆಲಸ ಮಾಡಿದವರ ಚೀಟಿ ನೋಡಿ, ಪಿಎಫ್ ನಂಬರ್‌ನಲ್ಲಿರುವ ಕಂಪನಿಯ ಕೋಡ್ ಎಲ್ಲರಿಗೂ ಒಂದೇ. ಇಪಿಎಫ್‌ಒ ವೆಬ್‌ಸೈಟ್‌ನಲ್ಲಿ ಕಂಪನಿ ಹೆಸರು ಹಾಕಿದರೂ ಕೋಡ್ ಸಿಗುತ್ತದೆ.

ಜಾಸ್ತಿ ಜನ ಎಡವುವುದು ಇಲ್ಲಿ. ಪಿಎಫ್ ತೆಗೆದಾಯ್ತು, ಇನ್ನೇನೂ ಇಲ್ಲ ಅಂದುಕೊಳ್ಳುತ್ತಾರೆ. ಆದರೆ 1995ರ ನವೆಂಬರ್ 16ರಿಂದ ಪಿಂಚಣಿ ಪಾಲು ಬೇರೆಯಾಗಿ ಜಮಾ ಆಗುತ್ತಿದೆ. ಫಾರಂ 19 ತುಂಬಿದ್ದರೆ ಬಂದಿರುವುದು ಪಿಎಫ್ ಮಾತ್ರ. ಪಿಂಚಣಿ ಪಾಲಿಗೆ ಫಾರಂ 10ಸಿ ಬೇರೆಯೇ ಕೊಡಬೇಕಿತ್ತು. ಅದನ್ನು ಅಮ್ಮ ಕೊಟ್ಟಿದ್ದರಾ ಅಂತ ಕೇಳಿ ನೋಡಿ. ಕೊಟ್ಟಿಲ್ಲದಿದ್ದರೆ ಆ ಸೇವೆ, ಅಂದರೆ ಅಲ್ಲಿ ಕೆಲಸ ಮಾಡಿದ ವರ್ಷಗಳ ಲೆಕ್ಕ, ಹಾಗೇ ಉಳಿದಿರುತ್ತದೆ. ಬೇರೆ ಕಂಪನಿಗಳದ್ದೂ ಸೇರಿ 10 ವರ್ಷ ಆಗಿದ್ದರೆ, 58 ತುಂಬಿದ ಮೇಲೆ ಫಾರಂ 10ಡಿ ಕೊಟ್ಟು ತಿಂಗಳ ಪಿಂಚಣಿ ಪಡೆಯಬಹುದು.

ಫಾರಂಗೆ ಸಹಿ ಹಾಕಲು ಮಾಲೀಕರಿಲ್ಲ, ಅಲ್ವಾ? ಬ್ಯಾಂಕ್ ಮ್ಯಾನೇಜರ್ ದೃಢೀಕರಣ ನಡೆಯುತ್ತದೆ. ಆಧಾರ್, ಪಾಸ್‌ಬುಕ್ ಹಿಡಿದು ಅಮ್ಮನನ್ನೇ ಪಿಎಫ್ ಕಚೇರಿಗೆ ಕರೆದುಕೊಂಡು ಹೋಗಿ. ಏಜೆಂಟರಿಗೆ ಸುಮ್ನೆ ದುಡ್ಡು ಕೊಡಬೇಡಿ.