ದೂರವಾಣಿಯಿಂದ ಬೆಳವಣಿಗೆಯೋ, ಬೆಳವಣಿಗೆಯಿಂದ ದೂರವಾಣಿಯೋ?

ಬಡ ದೇಶಗಳಲ್ಲಿ ದೂರವಾಣಿ ಹೆಚ್ಚಿದ್ದರಿಂದ ವರಮಾನ ಬೆಳೆಯಿತೇ, ಅಥವಾ ವರಮಾನ ಬೆಳೆದದ್ದರಿಂದ ಜನ ದೂರವಾಣಿ ಕೊಂಡರೇ ಎಂದು ತಾವು ಕೇಳಿದ್ದೀರಿ. ದೇಶಗಳ ಸರಾಸರಿ ಅಂಕಿಗಳನ್ನು ಹೋಲಿಸಿ ಈ ಗಂಟನ್ನು ಬಿಡಿಸುವುದು ಕಷ್ಟ, ಏಕೆಂದರೆ ಎರಡೂ ಒಟ್ಟಿಗೇ ಏರುತ್ತವೆ. ಸಂಪರ್ಕಜಾಲವು ಒಂದೊಂದು ಪ್ರದೇಶಕ್ಕೆ ಒಂದೊಂದು ಕಾಲದಲ್ಲಿ ತಲುಪಿದ ಸಂದರ್ಭಗಳೇ ಹೆಚ್ಚು ನಂಬಲರ್ಹವೆಂದು ನನ್ನ ಅಭಿಪ್ರಾಯ.

ಉತ್ತರ ಕೇರಳದ ಕರಾವಳಿ ಅಂತಹ ಒಂದು ಸಂದರ್ಭ. 1997ರಿಂದ 2001ರ ನಡುವೆ ಅಲ್ಲಿಗೆ ಮೊಬೈಲ್ ಸಂಪರ್ಕ ಹಂತಹಂತವಾಗಿ ಬಂದಿತು; ಗೋಪುರಗಳು ತೀರದ ಸಮೀಪವಿದ್ದುದರಿಂದ ಸಮುದ್ರದಲ್ಲಿದ್ದ ದೋಣಿಗಳಿಗೂ ಅದು ಸಿಗುತ್ತಿತ್ತು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸೆನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೂತಾಯಿ ಮೀನು ಹಿಡಿಯುವವರು ದಡ ಸೇರುವ ಮೊದಲೇ ಬೆಲೆ ವಿಚಾರಿಸತೊಡಗಿದ ಮೇಲೆ, ಒಂದು ದಡದಲ್ಲಿ ಮೀನು ಮಾರಾಟವಾಗದೆ ಹಾಳಾಗುವಾಗ ಇನ್ನೊಂದು ದಡದಲ್ಲಿ ಕೊರತೆಯಿರುವ ಸ್ಥಿತಿ ಬಹುತೇಕ ಇಲ್ಲವಾಯಿತು. ಮೀನುಗಾರರ ಲಾಭ ಸುಮಾರು ಶೇ. 8ರಷ್ಟು ಏರಿತು, ಗ್ರಾಹಕರು ಕೊಡುವ ಬೆಲೆ ಸುಮಾರು ಶೇ. 4ರಷ್ಟು ಇಳಿಯಿತು. ಇಬ್ಬರಿಗೂ ಲಾಭವಾದದ್ದು ಗಮನಾರ್ಹ.

ಆದರೆ ದೋಣಿ ಯಾವ ದಡಕ್ಕಾದರೂ ತಿರುಗಬಲ್ಲದು ಎಂಬುದನ್ನು ಮರೆಯಬಾರದು. ಸಾಲ ಕೊಟ್ಟ ದಲ್ಲಾಳಿಗೇ ಫಸಲು ಒಪ್ಪಿಸಬೇಕಾದ ರೈತನಿಗೆ, ಅಥವಾ ಮಾರುಕಟ್ಟೆಗೆ ರಸ್ತೆಯೇ ಇಲ್ಲದ ಊರಿನವನಿಗೆ, ಬೇರೆಡೆಯ ಬೆಲೆ ತಿಳಿದರೂ ಅದರಿಂದ ಹೆಚ್ಚಿನ ಪ್ರಯೋಜನವಾಗದು.